ಮಾತು ಕಲಿಯುವ ಮಗುವಿಗೆ ಚಿತ್ರನಿಘಂಟೋ, ಪದಕಾರ್ಡೋ, ಮಾತಾಡುವ ಪೆನ್ನೋ?

ಒಂದೂವರೆ ವರ್ಷದ ಮಗು ಕಂಡದ್ದಕ್ಕೆಲ್ಲ ಬೆರಳು ಚಾಚಿ "ಇದೂ?" ಎಂದು ಕೇಳಲು ಶುರುಮಾಡಿದ ಮೇಲೆ ಮನೆಗೆ ಸಾಮಾನು ಬರತೊಡಗುತ್ತದೆ. ಒಬ್ಬರು ಪದಕಾರ್ಡಿನ ಡಬ್ಬಿ ತರುತ್ತಾರೆ, ಇನ್ನೊಬ್ಬರು ಒತ್ತಿದರೆ ಮಾತಾಡುವ ಪುಸ್ತಕ, ಮತ್ತೊಬ್ಬರು ಮೊಬೈಲಿಗೆ ಆ್ಯಪ್ ಹಾಕಿಕೊಡುತ್ತಾರೆ. ಎಲ್ಲದರ ಮೇಲೂ ಬರೆದಿರುವುದು ಒಂದೇ ಮಾತು: ಮಗುವಿನ ಪದಸಂಪತ್ತು ಬೆಳೆಸುತ್ತದೆ. ಚಿತ್ರನಿಘಂಟು, ಪದಕಾರ್ಡು, ಮಾತಾಡುವ ಪೆನ್ನು, ಆ್ಯಪ್, ಅಯಸ್ಕಾಂತದ ಅಕ್ಷರ, ಕೊನೆಗೆ ಒಂದು ಬರೀ ಖಾಲಿ ಪುಸ್ತಕ, ಇವಿಷ್ಟನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ. ಕಂಪನಿಗಳ ಹೆಸರು ಹೇಳುತ್ತಿಲ್ಲ, ಏಕೆಂದರೆ ಒಂದು ಬಗೆಯ ಸಾಮಾನಿನ ಗುಣದೋಷಗಳು ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ. ಒರೆಗಲ್ಲು ಕೂಡ ಒಂದೇ: ಆ ಸಾಮಾನು ಮಗುವಿನ ಕೈಯಲ್ಲಿದ್ದಾಗ ಪಕ್ಕದಲ್ಲಿ ಕೂತ ದೊಡ್ಡವರು ಹೆಚ್ಚು ಮಾತಾಡುತ್ತಾರೋ, ಬಾಯಿ ಮುಚ್ಚಿಕೊಳ್ಳುತ್ತಾರೋ?

ಈ ಪ್ರಶ್ನೆಯನ್ನೇ ಹಿಡಿದದ್ದಕ್ಕೆ ಕಾರಣವಿದೆ. ಹೆಚ್ಚಿನ ಮಕ್ಕಳು ವರ್ಷ ತುಂಬುವ ಆಸುಪಾಸಿನಲ್ಲಿ ಮೊದಲ ಪದ ಆಡುತ್ತಾರೆ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ 50 ಪದ ದಾಟುತ್ತಾರೆ, ಎರಡರ ಹೊತ್ತಿಗೆ "ಅಮ್ಮ ಬಾ", "ಚೆಂಡು ಇಲ್ಲ" ಎಂದು ಎರಡೆರಡು ಪದ ಜೋಡಿಸುತ್ತಾರೆ. ಆಡುವ ಪದಕ್ಕಿಂತ ತಿಳಿಯುವ ಪದ ಯಾವಾಗಲೂ ಮುಂದಿರುತ್ತದೆ. 1978ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳಿಗೆ ಎರಡು ತಟ್ಟೆ ತೋರಿಸಿ "ಆ ಕ್ರೋಮಿಯಂ ತಟ್ಟೆ ತಾ, ನೀಲಿಯದಲ್ಲ" ಎಂಬಂತೆ ಹೇಳಿದರು. ಕ್ರೋಮಿಯಂ ಎಂದರೇನೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಆದರೂ ಸರಿಯಾದ ತಟ್ಟೆ ತಂದರು, ಅದು ಯಾವುದೋ ಬಣ್ಣದ ಹೆಸರು ಎಂಬಷ್ಟು ಹಿಡಿದಿಟ್ಟುಕೊಂಡರು. ಪದದ ನೆರಳು ಒಂದೆರಡು ಸಲಕ್ಕೇ ಬೀಳುತ್ತದೆ. ಆ ನೆರಳು ಗಟ್ಟಿಯಾಗಲು ಮಾತ್ರ ಅದೇ ಪದ ಹತ್ತಾರು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಮಾತಿನೊಳಗೆ ಎದುರಾಗಬೇಕು. ಅಚ್ಚಾದ ಕಾರ್ಡಿಗೆ ಅದನ್ನು ಮಾಡಲಾಗದು. ಕಾರ್ಡು ಹಿಡಿದು ಕೂತವರಿಗೆ ಆಗುತ್ತದೆ.

ಮೊದಲು ಚಿತ್ರನಿಘಂಟು. ಇದಕ್ಕೆ ಉದ್ದದ ಇತಿಹಾಸವಿದೆ. 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾದ, ಶಿಕ್ಷಣ ಚಿಂತಕ ಕೊಮೇನಿಯಸ್‌ನ ಸಚಿತ್ರ ಪಾಠಪುಸ್ತಕದಲ್ಲಿ ಚಿತ್ರದೊಳಗಿನ ಪ್ರತಿ ವಸ್ತುವಿಗೂ ಒಂದೊಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಪಠ್ಯದ ಪದದ ಪಕ್ಕದಲ್ಲೂ ಇಟ್ಟಿದ್ದರು. ಈ ಸಂಖ್ಯೆಯ ಪದ್ಧತಿ ಇಂದಿಗೂ ಕೆಲವು ಪುಸ್ತಕಗಳಲ್ಲಿ ಉಳಿದಿದೆ. ಓದಲು ಬಲ್ಲವರಿಗೆ ಅದು ಚೆನ್ನ, ಐದು ವರ್ಷದೊಳಗಿನ ಮಗುವಿಗೆ ಬೇಡ. ಚಿತ್ರದಿಂದ ಪದಕ್ಕೆ ಹೋಗುವಷ್ಟರಲ್ಲಿ ಆ ಕಣ್ಣು ದಾರಿ ತಪ್ಪಿರುತ್ತದೆ. ಪದ ಚಿತ್ರದ ಕೆಳಗೇ ಇರಬೇಕು, ನಡುವೆ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚು ಜಾಗ ಇರಬಾರದು.

ವಯಸ್ಸಿಗೆ ತಕ್ಕ ಪುಸ್ತಕ ಆರಿಸುವಾಗ ಪದಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಎರಡು ವರ್ಷದೊಳಗೆ ದಪ್ಪ ರಟ್ಟಿನ ಪುಟ, ಪುಟಕ್ಕೊಂದೇ ಚಿತ್ರ, ಒಟ್ಟು ನೂರು ಪದ ಇದ್ದರೆ ಧಾರಾಳವಾಯಿತು. ಮೂರು-ನಾಲ್ಕಕ್ಕೆ ಮುನ್ನೂರರಿಂದ ಐನೂರು ಪದ, ಬಿಡಿ ಚಿತ್ರಗಳ ಜೊತೆಗೆ ಕೆಲವು ಇಡೀ ಪುಟದ ದೃಶ್ಯಗಳು. ಸಾವಿರ ಪದದ ಪುಸ್ತಕ ಐದು ದಾಟಿದ ಮೇಲೆ ಸಾಕು. "ಮುಂದೆಯೂ ಬರುತ್ತದೆ" ಎಂದು ಎರಡು ವರ್ಷದ ಮಗುವಿಗೆ ಸಾವಿರ ಪದದ್ದನ್ನು ಕೊಂಡರೆ, ಪುಟದಲ್ಲಿ ಹೆಬ್ಬೆರಳುಗುರಿನಷ್ಟು ದೊಡ್ಡ ಇಪ್ಪತ್ತು ಚಿತ್ರ ಇರುತ್ತವೆ. ಮಗು ಪುಟದ ಮೇಲೆ ಅಂಗೈ ಬಡಿಯುತ್ತದೆ, ಅಷ್ಟೆ.

ಚಿತ್ರ ಹೇಗಿರಬೇಕು ಎಂಬುದರ ಬಗ್ಗೆ ಪ್ರಯೋಗಗಳು ಸಾಕಷ್ಟು ನಡೆದಿವೆ, ಅವು ಹೇಳುವುದು ಕೊಳ್ಳುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹದಿನೈದು, ಹದಿನೆಂಟು ತಿಂಗಳ ಮಕ್ಕಳು ಪುಸ್ತಕದಲ್ಲಿ ಕಲಿತ ಹೆಸರನ್ನು ನಿಜವಾದ ವಸ್ತುವಿಗೆ ಹಚ್ಚುವುದು ಚಿತ್ರವು ಆ ವಸ್ತುವನ್ನೇ ಹೋಲುವಾಗ ಸುಲಭ, ವ್ಯಂಗ್ಯಚಿತ್ರದಂತೆ ಬರೆದಾಗ ಕಷ್ಟ ಎಂದು 2008ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ಮೊದಲ ಪುಸ್ತಕಕ್ಕೆ ಛಾಯಾಚಿತ್ರ ಅಥವಾ ಇದ್ದದ್ದನ್ನು ಇದ್ದ ಹಾಗೆ ಬರೆದ ಚಿತ್ರ. ಟೋಪಿ ಹಾಕಿ ನಗುವ ನೇರಳೆ ಬಣ್ಣದ ಆನೆ ಮೂರು ದಾಟಿದ ಮಗುವಿಗೆ ತಮಾಷೆ, ಒಂದೂವರೆಯ ಮಗುವಿಗೆ ಗೊಂದಲ.

ಎದುರುಬದುರು ಪುಟಗಳಲ್ಲಿ ಎರಡು ಚಿತ್ರ ಇದ್ದಾಗ ಮಗು ಕೇಳಿದ ಪದವನ್ನು ಯಾವ ಚಿತ್ರಕ್ಕೆ ಕಟ್ಟಬೇಕೆಂದು ತಿಳಿಯದೆ ತಡವರಿಸುತ್ತದೆ. 2018ರ ಒಂದು ಅಧ್ಯಯನದಲ್ಲಿ ಒಮ್ಮೆಗೆ ಒಂದೇ ಚಿತ್ರ ಕಂಡ ಮಕ್ಕಳು ಹೆಚ್ಚು ಪದ ಕಲಿತರು. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಬೆಲೆಯದು: ಓದುವವರು ಓದುವ ಮೊದಲು ಸರಿಯಾದ ಚಿತ್ರದ ಕಡೆಗೆ ಕೈ ಆಡಿಸಿ ತೋರಿಸಿದಾಗ ಈ ತೊಡಕು ನಿವಾರಣೆಯಾಯಿತು. ಈಗಾಗಲೇ ಎರಡು ಚಿತ್ರದ ಪುಸ್ತಕ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಬೆರಳು ಇಟ್ಟು ಓದಿ, ಇಲ್ಲವೇ ಎದುರು ಪುಟದ ಮೇಲೆ ಒಂದು ಬಿಳಿ ಹಾಳೆ ಇಡಿ.

ಮುಚ್ಚಳ ಎತ್ತುವ, ಪಟ್ಟಿ ಎಳೆಯುವ, ಸವರಿದರೆ ತುಪ್ಪುಳ ಸಿಗುವ ಪುಸ್ತಕಗಳನ್ನು ಅಂಗಡಿಯವರು ಮುಂದಿನ ಸಾಲಿನಲ್ಲೇ ಇಟ್ಟಿರುತ್ತಾರೆ. ಮಕ್ಕಳಿಗೆ ಅವು ಇಷ್ಟ, ನಿಜ. ಆದರೆ ಪದ ಕಲಿಯಲು ಅವು ಅಡ್ಡಿ. ಗಮನವೆಲ್ಲ ಪಟ್ಟಿ ಎಳೆಯುವ ಕೈಗೆ ಹೋಗುತ್ತದೆ, ಹೆಸರು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಆಟಕ್ಕೆಂದು ಒಂದು ಇರಲಿ. ಪದಕ್ಕೆಂದು ಕೊಳ್ಳುವಾಗ ಸಾದಾ ಪುಟದ್ದನ್ನೇ ಕೊಳ್ಳಿ.

ಇನ್ನು ಕಟ್ಟು. ಮಗು ಮೆಚ್ಚಿದ ಪುಸ್ತಕವನ್ನು ಒಂದೇ ವಾರದಲ್ಲಿ ಇಪ್ಪತ್ತು ಸಲ ಓದಿಸುತ್ತದೆ, ಓದಿಸಬೇಕು ಕೂಡ. 2011ರ ಅಧ್ಯಯನವೊಂದರಲ್ಲಿ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮೂರು ವರ್ಷದ ಮಕ್ಕಳು, ಅವೇ ಹೊಸ ಪದಗಳನ್ನು ಅಷ್ಟೇ ಸಲ ಆದರೆ ಬೇರೆ ಬೇರೆ ಕಥೆಗಳಲ್ಲಿ ಕೇಳಿದವರಿಗಿಂತ ಚೆನ್ನಾಗಿ ಕಲಿತರು. ಇಷ್ಟು ಓದಿಗೆ ಅಂಟಿನ ಬೆನ್ನಿನ ಪುಸ್ತಕ ತಾಳುವುದಿಲ್ಲ. ನಡುವಿನ ಹಾಳೆಗಳು ಮೊದಲು ಉದುರುತ್ತವೆ. ಅಂಗಡಿಯಲ್ಲೇ ಪುಸ್ತಕವನ್ನು ನಡುಮಧ್ಯಕ್ಕೆ ಬಿಚ್ಚಿ ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ತನ್ನಷ್ಟಕ್ಕೆ ಮಲಗಿದರೆ ಹೊಲಿಗೆಯ ಕಟ್ಟು ಇರಬೇಕು, ಒಳ್ಳೆಯದು. ಎದ್ದು ಮುಚ್ಚಿಕೊಂಡರೆ ಅಂಟಿನದು, ಮತ್ತು ಒಳ ಅಂಚಿನ ಚಿತ್ರಗಳು ಅರ್ಧ ಮಡಿಕೆಯೊಳಗೆ ಹೂತಿರುತ್ತವೆ. ಹೊಳಪಿನ ಕಾಗದವಾದರೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ತೊಡೆಯ ಮೇಲೆ ಕೂತ ಮಗು ಪುಟವನ್ನು ನೋಡುವುದು ಆ ಕೋನದಿಂದಲೇ, ಅಲ್ಲಿಂದ ಬರೀ ಬೆಳಕಿನ ಮಚ್ಚೆ ಕಂಡರೆ ಚಿತ್ರ ಎಷ್ಟು ಚೆನ್ನಾಗಿದ್ದರೂ ದಂಡ.

ಕನ್ನಡದ ಚಿತ್ರನಿಘಂಟುಗಳಲ್ಲಿ ಬೇರೆಯೇ ನಾಲ್ಕು ವಿಷಯ ನೋಡಬೇಕು. ಮೊದಲನೆಯದು ಅಚ್ಚು. ದ ಮತ್ತು ಧ, ಡ ಮತ್ತು ಢ ನಡುವಿನ ವ್ಯತ್ಯಾಸ ಇರುವುದು ಕೆಳಗಿನ ಒಂದು ಪುಟ್ಟ ಸೀಳಿನಲ್ಲಿ. ಪ ಮತ್ತು ಷ ನಡುವಿನದು ಹೊಟ್ಟೆಯೊಳಗಿನ ಒಂದು ಗೆರೆ. ಅಲಂಕಾರದ ದಪ್ಪ ಅಕ್ಷರದಲ್ಲಿ ಈ ಸೀಳು ಮುಚ್ಚಿಹೋಗುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಶಸ್ತ್ರ", "ರಾಷ್ಟ್ರ"ದಂಥ ಪದ ಇರುವ ಪುಟ ಹುಡುಕಿ ನೋಡಿ, ಅಲ್ಲಿ ತಿಳಿಯಾಗಿದ್ದರೆ ಎಲ್ಲೆಡೆ ತಿಳಿಯಾಗಿರುತ್ತದೆ.

ಎರಡನೆಯದು ಮಾತಿನ ಮಟ್ಟ. ಮನೆಯಲ್ಲಿ ಎಲ್ಲರೂ ಚಪ್ಪಲಿ ಎನ್ನುವಾಗ ಪುಸ್ತಕ ಪಾದರಕ್ಷೆ ಎನ್ನುತ್ತದೆ, ಲೈಟು ಎನ್ನುವಾಗ ವಿದ್ಯುದ್ದೀಪ. ಮಗು ಚಪ್ಪಲಿಯ ಚಿತ್ರ ನೋಡಿ ಸಂಭ್ರಮದಿಂದ "ಚಪ್ಪಿ!" ಎಂದರೆ, ಅಚ್ಚಾದದ್ದಕ್ಕೆ ಗೌರವ ಕೊಟ್ಟು "ಅಲ್ಲ, ಪಾದರಕ್ಷೆ" ಎಂದು ತಿದ್ದುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಹೇಳಿದ್ದು ಸರಿ, ಪುಸ್ತಕದ್ದು ಇನ್ನೊಂದು ಹೆಸರು. ಪುಟದ ಮೇಲೆ ಪೆನ್ಸಿಲಿನಲ್ಲಿ ಮನೆಯ ಪದ ಬರೆದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ "ಇದಕ್ಕೆ ಇನ್ನೊಂದು ಹೆಸರೂ ಇದೆ ಗೊತ್ತಾ?" ಎಂದರೆ ಅದೇ ಮಗುವಿಗೆ ಹಬ್ಬ.

ಮೂರನೆಯದು, ಅಕಾರಾದಿ ಕ್ರಮದ ಹಟ. ಅಕ್ಷರಮಾಲೆಯ ಪ್ರಕಾರ ಪದ ಹೊಂದಿಸಲು ಹೋಗಿ ಋ ಎಂದರೆ ಋಷಿ, ಣ ಎಂದರೆ ಪದದ ಮೊದಲಿಗೆ ಏನೂ ಸಿಗದೆ ಬಾಣ. ಅಕ್ಷರ ಕಲಿಸುವ ಪುಸ್ತಕಕ್ಕೆ ಅದು ಅನಿವಾರ್ಯ. ಪದ ಕಲಿಸುವ ಪುಸ್ತಕಕ್ಕೆ ಜಾಗ, ಹೊತ್ತು, ಕೆಲಸಗಳ ಪ್ರಕಾರ ಕೂಡಿಸಿದ ಪುಟಗಳೇ ಮೇಲು: ಮಳೆ, ಸ್ನಾನ, ನಿದ್ದೆ, ರಸ್ತೆ. ಕೂಡಿಬರುವ ಪದಗಳು ಒಂದನ್ನೊಂದು ಎಳೆದು ತರುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಕೊರತೆ. ಪುಸ್ತಕ ತುಂಬ ನಾಮಪದ, ಕ್ರಿಯಾಪದ ಹುಡುಕಿದರೂ ಸಿಗದು. ಸಿಕ್ಕರೆ ಓಡು, ಕೂರು, ತಿನ್ನು, ಮಲಗು, ಮುಗಿಯಿತು. ಕನ್ನಡದ ಸೊಗಸು ಇರುವುದೇ ಕ್ರಿಯಾಪದದಲ್ಲಿ. ಒಂದು ಒದ್ದೆ ಬಟ್ಟೆ ಕೈಯಲ್ಲಿದ್ದರೆ ಸಾಕು: ಹಿಂಡು, ಕೊಡವು, ಹರವು, ತಿರುವು, ಮಡಚು, ಸುತ್ತು. ಕೈಬೆರಳಿನ ಕೆಲಸಗಳನ್ನೇ ತೆಗೆದುಕೊಳ್ಳಿ: ಒತ್ತು, ಅದುಮು, ಹಿಸುಕು, ಕಿವುಚು, ಚಿವುಟು, ಕೆರೆ, ಸವರು, ನೇವರಿಸು. ಇವುಗಳಲ್ಲಿ ಒಂದೊಂದಕ್ಕೂ ಒತ್ತಡ ಬೇರೆ, ಉದ್ದೇಶ ಬೇರೆ. ನೇವರಿಸುವುದರಲ್ಲಿ ಪ್ರೀತಿಯಿದೆ, ಚಿವುಟುವುದರಲ್ಲಿ ತುಂಟತನ. ಕಣಕದ ಉಂಡೆಯಂಥ ಆಟದ ಮಣ್ಣು ಕೊಟ್ಟು ಈ ಎಂಟನ್ನೂ ಮಾಡಿಸಿದರೆ ಮೂರು ವರ್ಷದ ಮಗು ಒಂದು ವಾರದೊಳಗೆ ಅದುಮುವುದಕ್ಕೂ ಹಿಸುಕುವುದಕ್ಕೂ ಇರುವ ವ್ಯತ್ಯಾಸವನ್ನು ಕೈಯಲ್ಲೇ ಮಾಡಿ ತೋರಿಸಬಲ್ಲದು. ಕೊಳ್ಳುವ ಮೊದಲು ಪುಸ್ತಕದ ಯಾವುದಾದರೂ ಹತ್ತು ಪುಟ ತಿರುವಿ ಕ್ರಿಯಾಪದ ಎಣಿಸಿ. ಹತ್ತು ಪುಟದಲ್ಲಿ ಹತ್ತಾದರೂ ಇರಲಿ.

ಒಳ್ಳೆಯ ಪುಟ ಎಂದರೆ ಏನು ಎಂಬುದಕ್ಕೆ ಮಳೆಯ ದೃಶ್ಯವೊಂದನ್ನು ಹತ್ತಿರದಿಂದ ನೋಡೋಣ. ಕೊಡೆ ಹಿಡಿದ ಒಬ್ಬಳು ಹುಡುಗಿ, ರಸ್ತೆಯಲ್ಲಿ ನಿಂತ ನೀರು, ಮೈ ಕೊಡವುತ್ತಿರುವ ನಾಯಿ, ಸೂರಿನಿಂದ ತೊಟ್ಟಿಕ್ಕುವ ಹನಿ. ಮಗು "ನಾಯಿ" ಎನ್ನುತ್ತದೆ. "ಹೌದು, ನಾಯಿ. ಒದ್ದೆ ನಾಯಿ. ಮೈ ಕೊಡವ್ತಾ ಇದೆ, ನೋಡು." ಸ್ವಲ್ಪ ತಡೆದು, "ಏನು ಮಾಡ್ತಿದೆ ನಾಯಿ?" "ಕೊಡವ್ತಾ." "ಹೂಂ, ಕೊಡವ್ತಾ ಇದೆ. ನೀರೆಲ್ಲ ಎಲ್ಲಿಗೆ ಹಾರಿತು?" ಇಷ್ಟೇ. ಕೇಳುವುದು, ಒಪ್ಪುವುದು, ಒಂದು ಪದ ಕೂಡಿಸುವುದು, ಮತ್ತೆ ಹೇಳಿಸುವುದು. 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು-ಎರಡೂವರೆ ವರ್ಷದ ಮಕ್ಕಳ ತಂದೆತಾಯಂದಿರಿಗೆ ಹೀಗೆ ಓದುವುದನ್ನು ಹೇಳಿಕೊಟ್ಟಿತು, ಒಂದು ತಿಂಗಳಲ್ಲೇ ಆ ಮಕ್ಕಳ ಮಾತು ಎಂದಿನಂತೆ ಓದಿಸಿಕೊಂಡವರಿಗಿಂತ ಮುಂದೆ ಹೋಗಿತ್ತು. ಅದೇ ಪುಟ ನಾಲ್ಕು ವರ್ಷದ ಮಗುವಿಗೆ ಇನ್ನೊಂದು ಬಗೆಯಲ್ಲಿ ತೆರೆಯುತ್ತದೆ: ಇದು ತುಂತುರೋ, ಸೋನೆಯೋ, ಜಡಿಮಳೆಯೋ? ಜಿಟಿಜಿಟಿ ಬರುತ್ತಿದೆಯೋ, ಧೋ ಎಂದು ಸುರಿಯುತ್ತಿದೆಯೋ? ಇಂಥ ಅನುಕರಣ ಪದಗಳನ್ನು ಮಕ್ಕಳು ಬಾಯಿ ಚಪ್ಪರಿಸಿ ಆಡುತ್ತಾರೆ. ಅಚ್ಚಾದ ನಿಘಂಟಿನಲ್ಲಿ ಅವು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ, ಓದುವವರೇ ತುಂಬಬೇಕು.

ಈ ಪುಟದಲ್ಲೇ ಎಡವುವ ಒಂದು ಜಾಗವನ್ನೂ ಹೇಳಬೇಕು. ಕೊಡೆಯ ಹಿಡಿಯ ಮೇಲೆ ಬೆರಳಿಟ್ಟು "ಹಿಡಿ" ಎಂದರೆ, ಕೊಡೆ ಎಂಬ ಪದವೇ ಗೊತ್ತಿಲ್ಲದ ಮಗು ಇಡೀ ಕೊಡೆಗೇ ಹಿಡಿ ಎಂದುಕೊಳ್ಳುತ್ತದೆ. ಹೊಸ ಹೆಸರನ್ನು ಮಕ್ಕಳು ಮೊದಲು ಇಡೀ ವಸ್ತುವಿಗೆ ಹಚ್ಚುತ್ತಾರೆ. ಒಂದು ವಸ್ತುವಿಗೆ ಒಂದೇ ಹೆಸರು ಎಂದೂ ನಂಬಿರುತ್ತಾರೆ. ಹಾಗಾಗಿ ಮೊದಲು ಇಡೀ ವಸ್ತುವಿನ ಹೆಸರು ಗಟ್ಟಿಯಾಗಲಿ. ಆಮೇಲೆ "ಇದು ಕೊಡೆ. ಕೊಡೆಯ ಹಿಡಿ ಇದು. ಕೊಡೆಯ ಕಡ್ಡಿ ಇದು" ಎಂದು ಒಡೆತನ ಸೇರಿಸಿ ಹೇಳಿ. ಷಷ್ಠಿಯ ಆ ಒಂದು "ಯ" ದೊಡ್ಡ ಕೆಲಸ ಮಾಡುತ್ತದೆ.

ಪದಕಾರ್ಡುಗಳ ಬಗ್ಗೆ ನಮ್ಮ ಅಭಿಪ್ರಾಯ ಅರ್ಧ ಒಲವು, ಅರ್ಧ ಎಚ್ಚರ. ಕಾರ್ಡಿನ ಗುಣವೆಂದರೆ ಅದನ್ನು ಎತ್ತಿಕೊಂಡು ಹೋಗಬಹುದು. "ಬಾಗಿಲು" ಕಾರ್ಡನ್ನು ನಿಜವಾದ ಬಾಗಿಲಿನ ಹತ್ತಿರ ಒಯ್ದು ಹಿಡಿಯಬಹುದು. ದೋಷವೆಂದರೆ ಕಾರ್ಡು ಕೈಗೆ ಬಂದ ಕೂಡಲೇ ದೊಡ್ಡವರು ಪರೀಕ್ಷೆ ಮಾಡುವ ಮೇಷ್ಟ್ರಾಗುತ್ತಾರೆ. ಇದೇನು? ಇದೇನು? ಇದೇನು? ಮೂರನೆಯ ಕಾರ್ಡಿಗೆ ಮಗು ಎದ್ದು ಹೋಗುತ್ತದೆ. ನೂರು ಕಾರ್ಡನ್ನು ಸರಸರ ತೋರಿಸಿ ಮುಗಿಸುವ ಪದ್ಧತಿಯಂತೂ ಬೇಡವೇ ಬೇಡ. ನೋಡಿದ್ದು ನೂರು, ಉಳಿದದ್ದು ಸೊನ್ನೆ.

ಡಬ್ಬಿಯಿಂದ ಆರೇ ಕಾರ್ಡು ತೆಗೆಯಿರಿ: ಮಗುವಿಗೆ ಚೆನ್ನಾಗಿ ಗೊತ್ತಿರುವ ಮೂರು, ಅರೆಬರೆ ಗೊತ್ತಿರುವ ಎರಡು, ಹೊಸದು ಒಂದು. ನೆಲದ ಮೇಲೆ ಮುಖ ಮೇಲಾಗಿ ಹರಡಿ. ಮೊದಲು ಕೇಳುವುದು "ಇದೇನು" ಎಂದಲ್ಲ, "ಬೀಗ ಎಲ್ಲಿದೆ?" ಎಂದು, ಏಕೆಂದರೆ ಹೇಳುವುದಕ್ಕಿಂತ ತೋರಿಸುವುದು ಸುಲಭ. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಹೆಚ್ಚಿನವರು ಎರಡಕ್ಕೇ ತಾವೇ ಉತ್ತರ ಹೇಳಿಬಿಡುತ್ತಾರೆ. ಆಮೇಲೆ ಒಂದನ್ನು ಬಚ್ಚಿಟ್ಟು "ಯಾವುದು ಮಾಯವಾಯ್ತು?" ಎಂದು ಕೇಳಿ. ಕೊನೆಗೆ ಒಂದು ಕಾರ್ಡು ಮಗುವಿನ ಕೈಗೆ ಕೊಟ್ಟು ಮನೆಯಲ್ಲಿ ಅದರ ಜೋಡಿ ಹುಡುಕಲು ಕಳಿಸಿ. ಐದು ನಿಮಿಷ, ಹೆಚ್ಚಲ್ಲ. ಇವೇ ಆರು ಮೂರು ದಿನ ಇರಲಿ, ನಾಲ್ಕನೆಯ ದಿನ ಎರಡನ್ನು ಬದಲಿಸಿ.

ಕೊಳ್ಳುವಾಗ ಮೂಲೆ ದುಂಡಗಿದೆಯೇ, ಬಗ್ಗಿಸಿದರೆ ಗೆರೆ ಬೀಳದಷ್ಟು ದಪ್ಪವಿದೆಯೇ, ಲ್ಯಾಮಿನೇಷನ್ ಅಂಚು ಮೀರಿ ಅಂಟಿದೆಯೇ ನೋಡಿ. ಅಂಚಿನ ಮಟ್ಟಕ್ಕೇ ಕತ್ತರಿಸಿದ್ದರೆ ಒಂದೇ ತಿಂಗಳಲ್ಲಿ ಎಂಜಲು ಒಳಗಿಳಿದು ಪದರ ಬಿಡುತ್ತದೆ. ಮೂಲೆ ಹರಿದ ಕಾರ್ಡಿನಲ್ಲಿ ಇನ್ನೊಂದು ತೊಂದರೆ ಇದೆ: ಮಗು ಬೀಗವನ್ನು ಗುರುತಿಸದೆ ಹರಿದ ಮೂಲೆಯನ್ನು ಗುರುತಿಸುತ್ತದೆ. ಅನುಮಾನ ಬಂದರೆ ನಿಜವಾದ ಬೀಗ ತೋರಿಸಿ ಕೇಳಿ. "ಚಳಿ" ಎಂಬ ಕಾರ್ಡಿನಲ್ಲಿ ಸ್ವೆಟರ್ ತೊಟ್ಟ ಹುಡುಗ, "ಸಿಟ್ಟು" ಎಂಬುದರಲ್ಲಿ ಕೆಂಪು ಮುಖ, ಇಂಥವನ್ನು ಪಕ್ಕಕ್ಕಿಡಿ. ಮಗು ಸ್ವೆಟರ್ ಎನ್ನುತ್ತದೆ, ಅದರದ್ದೇನೂ ತಪ್ಪಿಲ್ಲ. ಚಳಿ, ಸಿಟ್ಟು, ಬೇಸರ, ಗಾಬರಿ, ಸಂಕೋಚ ಎಂಬ ಪದಗಳನ್ನು ಆ ಹೊತ್ತು ಬಂದಾಗಲೇ ಹೇಳಬೇಕು. ಆಟಿಕೆ ಮುರಿದು ಅಳುವಾಗ "ಬೇಜಾರಾಯ್ತಾ ಕಂದ? ಮುರಿದೋಯ್ತು ಅಂತ ಬೇಜಾರಾ?" ಎಂದರೆ ಆ ಪದ ಅದರ ಜಾಗಕ್ಕೆ ಹೋಗಿ ಕೂರುತ್ತದೆ.

ಮಾತಾಡುವ ಪೆನ್ನು ದುಬಾರಿ ಸಾಮಾನು, ಹಾಗಾಗಿ ಅದು ಕೆಲಸ ಮಾಡುವ ಬಗೆ ತಿಳಿದು ಕೊಳ್ಳುವುದು ಒಳ್ಳೆಯದು. ಇಂಥ ಪೆನ್ನುಗಳ ಪುಸ್ತಕದ ಪುಟದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳ ವಿನ್ಯಾಸ ಅಚ್ಚಾಗಿರುತ್ತದೆ. ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಅದನ್ನು ಓದಿ, ಒಳಗೆ ತುಂಬಿಟ್ಟ ಧ್ವನಿಯನ್ನು ನುಡಿಸುತ್ತದೆ. ಆದ್ದರಿಂದ ಅದು ತನ್ನದೇ ಪುಸ್ತಕದ ಮೇಲೆ ಮಾತ್ರ ಮಾತಾಡುತ್ತದೆ, ನಿಮ್ಮ ಮನೆಯ ಬೇರೆ ಪುಸ್ತಕಕ್ಕೆ ಮೂಕ. ಕ್ರೇಯಾನ್ ಗೀಚಿದ ಜಾಗದಲ್ಲಿ, ಉಜ್ಜಿ ಸವೆದ ಜಾಗದಲ್ಲಿ ಚುಕ್ಕೆ ಅಳಿದು ಪೆನ್ನು ಸುಮ್ಮನಾಗುತ್ತದೆ, ಪೆನ್ನು ಕೆಟ್ಟಿತೆಂದು ಜನ ತಿಳಿಯುತ್ತಾರೆ. ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಪುಟಕ್ಕೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಆಗಲೂ ಮಾತಾಡದಿದ್ದರೆ ಬ್ಯಾಟರಿ ನೋಡಿ.

ಉಚ್ಚಾರಣೆಯನ್ನು ಕೇಳದೆ ಕೊಳ್ಳಲೇಬೇಡಿ. ಕನ್ನಡದಲ್ಲಿ ಲ-ಳ, ನ-ಣ, ಹ್ರಸ್ವ-ದೀರ್ಘ ಕೈತಪ್ಪಿದರೆ ಅರ್ಥವೇ ಕೈತಪ್ಪುತ್ತದೆ. ಬಲೆ-ಬಳೆ, ಕಲೆ-ಕಳೆ, ಮನೆ-ಮಣೆ, ಹಲ್ಲಿ-ಹಳ್ಳಿ, ಅಡಿ-ಆಡಿ, ಇಂಥ ಪದಗಳು ಪುಸ್ತಕದಲ್ಲಿ ಎಲ್ಲಿವೆಯೋ ಹುಡುಕಿ ಪೆನ್ನು ಇಟ್ಟು ಕೇಳಿ. ಯಂತ್ರದ ದನಿಯಲ್ಲಿ ಒತ್ತಕ್ಷರ ಸಡಿಲಾಗಿ "ಹಳ್ಳ" ಎಂಬುದು "ಹಳ" ಎಂದು ಕೇಳಿಸಿದರೆ ಆ ಪೆನ್ನು ಅಂಗಡಿಯಲ್ಲೇ ಇರಲಿ.

ದನಿ ಚೆನ್ನಾಗಿದ್ದರೂ ನಮ್ಮ ತಕರಾರು ಉಳಿಯುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹತ್ತರಿಂದ ಹದಿನಾರು ತಿಂಗಳ ಮಕ್ಕಳು, ಅವರ ತಂದೆತಾಯಿ, ಹೀಗೆ 26 ಜೋಡಿಗಳು ಮನೆಯಲ್ಲಿ ಆಡುವಾಗಿನ ಮಾತನ್ನು ದಾಖಲಿಸಿದರು. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಕೈಯಲ್ಲಿದ್ದಾಗ ದೊಡ್ಡವರ ಮಾತೂ ಕಡಿಮೆ, ಮಗುವಿನ ಮರುದನಿಯೂ ಕಡಿಮೆ. ಪುಸ್ತಕವಿದ್ದಾಗ ಮಾತು ಹೆಚ್ಚು. ಆಟಿಕೆ ಮಾತಾಡುವಾಗ ನಾವೇಕೆ ಎಂದು ದೊಡ್ಡವರು ಸುಮ್ಮನಾಗುತ್ತಾರೆ. ಪೆನ್ನು ಈಗಾಗಲೇ ಮನೆಗೆ ಬಂದಿದ್ದರೆ, ಅದು ಒಂದು ಪದ ಹೇಳಿದ ಮೇಲೆ ನೀವು ಒಂದು ವಾಕ್ಯ ಹೇಳಿ ಎಂಬ ಕಟ್ಟುಪಾಡು ಇಟ್ಟುಕೊಳ್ಳಿ. ಬ್ಯಾಟರಿ ಮುಚ್ಚಳಕ್ಕೆ ತಿರುಪು ಇಲ್ಲದ್ದನ್ನು ಯಾವ ಕಾರಣಕ್ಕೂ ಮಗುವಿಗೆ ಕೊಡಬೇಡಿ. ಗುಂಡಿ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಆ್ಯಪ್ ಮತ್ತು ವಿಡಿಯೊಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. 2010ರ ಪ್ರಯೋಗವೊಂದರಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳ ಮಕ್ಕಳು ಪದ ಕಲಿಸುವ ವಿಡಿಯೊವನ್ನು ನಾಲ್ಕು ವಾರ ನೋಡಿದರು. ನೋಡದ ಮಕ್ಕಳಿಗಿಂತ ಅವರು ಹೆಚ್ಚು ಪದ ಕಲಿಯಲಿಲ್ಲ. ಹೆಚ್ಚು ಕಲಿತದ್ದು ವಿಡಿಯೊ ಇಲ್ಲದೆ ದಿನದ ಕೆಲಸದ ನಡುವೆ ತಂದೆತಾಯಿ ಹೇಳಿಕೊಟ್ಟ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಅಜ್ಜಿಯ ಜೊತೆ ವಿಡಿಯೊ ಕರೆ ಬೇರೆ ಮಾತು. 2014ರ ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಕರೆಯಲ್ಲಿ ಎದುರಿಗಿದ್ದು ಮಾತಾಡಿದವರಿಂದ ಹೊಸ ಕ್ರಿಯಾಪದ ಕಲಿತರು, ಮೊದಲೇ ಚಿತ್ರೀಕರಿಸಿದ್ದರಿಂದ ಕಲಿಯಲಿಲ್ಲ. ಅಜ್ಜಿ ಮಗುವಿನ ಮಾತಿಗೆ ಉತ್ತರ ಕೊಡುತ್ತಾರೆ, ವಿಡಿಯೊ ಕೊಡುವುದಿಲ್ಲ.

ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಅಕ್ಷರಗಳು ಕನ್ನಡಕ್ಕೆ ಒಗ್ಗದ ಸಾಮಾನು. ಡಬ್ಬಿಯಲ್ಲಿ 49 ಮೂಲಾಕ್ಷರ ಇರುತ್ತವೆ. ಅವುಗಳಿಂದ ಕಟ್ಟಬಹುದಾದದ್ದು ಮರ, ಸರ, ದನ, ಕಮಲ. ಗರಗಸ ಬರೆಯಲು ಎರಡು ಗ ಬೇಕು, ಇರುವುದೊಂದೇ. ಬೆಕ್ಕು, ಚೆಂಡು, ಹಕ್ಕಿ, ಕಿಟಕಿ ಎಂಬ ಮಗುವಿನ ಮೊದಲ ಪದಗಳಲ್ಲಿ ಒಂದನ್ನೂ ಕಟ್ಟಲಾಗದು. 34 ವ್ಯಂಜನಗಳ ಬಳ್ಳಿಯೇ ತಲಾ ಹದಿನೈದರಂತೆ 510 ರೂಪ, ಒತ್ತಕ್ಷರ ಬೇರೆ. ಗುಡಿಸು, ಕೊಂಬು, ಏತ್ವಗಳನ್ನು ಬಿಡಿ ತುಂಡಾಗಿ ಕೊಡುವ ಸೆಟ್ಟುಗಳಲ್ಲೂ ಕ ಎಂಬುದರ ತಲೆಕಟ್ಟು ಹೋಗದೆ ಅದರ ಮೇಲೆ ಗುಡಿಸು ಕೂರುತ್ತದೆ, ಕಿ ಎಂಬುದರ ಆಕಾರವೇ ಬರುವುದಿಲ್ಲ. ಸ್ಲೇಟು, ಬಳಪ ಇದಕ್ಕಿಂತ ಎಷ್ಟೋ ಮೇಲು. ಅಕ್ಷರದ ಹಿಂದಿನ ಅಯಸ್ಕಾಂತ ಕಿತ್ತುಬಂದರೆ ಅಪಾಯವೂ ಇದೆ: ಎರಡು ನುಂಗಿದರೆ ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಎಳೆದು ನಡುವಿನ ಗೋಡೆ ತೂತಾಗಬಹುದು. ಮೂರು ವರ್ಷದೊಳಗಿನ ಮಗುವಿರುವ ಮನೆಗೆ ಇದನ್ನು ತರಬೇಡಿ.

ಎಲ್ಲದರಲ್ಲಿ ನಾವು ಮೊದಲ ಸ್ಥಾನ ಕೊಡುವುದು ಗೆರೆಯಿಲ್ಲದ, ಹೊಲಿಗೆ ಹಾಕಿದ, ನೂರು ಪುಟದ ಒಂದು ಖಾಲಿ ಪುಸ್ತಕಕ್ಕೆ. ಚಿತ್ರನಿಘಂಟು ಅದರ ಜೊತೆಗಿರಲಿ. ಪುಟಕ್ಕೊಂದು ಪದ. ಪದ ಆರಿಸುವುದು ಮಗು: ಇವತ್ತು ಕೇಳಿದ್ದು, ಬಾಯಿಗೆ ಹಿತವಾದದ್ದು, ನಗು ತಂದದ್ದು. "ಗಡಗಡೆ" ಆಗಬಹುದು, "ಇಳಿಜಾರು" ಆಗಬಹುದು. ದೊಡ್ಡವರು ಪುಟದ ಮೇಲ್ತುದಿಯಲ್ಲಿ ಎರಡು ಬೆರಳಿನಷ್ಟು ಎತ್ತರದ ಅಕ್ಷರದಲ್ಲಿ ಮಗುವಿನ ಎದುರಿಗೇ, ಬರೆಯುತ್ತ ಉಚ್ಚರಿಸುತ್ತ, ಬರೆಯುತ್ತಾರೆ. ಚಿತ್ರ ಮಗುವಿನದು. ಅದು ಬರೀ ಗೀಚಾದರೂ ಸರಿ, ಏನು ಬರೆದೆ ಎಂದು ಕೇಳಿ ಅದು ಹೇಳಿದ ವಾಕ್ಯವನ್ನು ಅದರ ಮಾತಿನಲ್ಲೇ ಕೆಳಗೆ ಬರೆಯಿರಿ, ತಾರೀಖು ಹಾಕಿ.

ಹೊಸ ಪದವನ್ನು ಪುಸ್ತಕಕ್ಕೆ ಸೇರಿಸಿದ ದಿನ ಅದನ್ನು ಮೂರು ಕಡೆ ಆಡಿ. "ಇಳಿಜಾರು" ಎಂದಾದರೆ ರಸ್ತೆಯಲ್ಲಿ ಇಳಿಯುವಾಗ ಒಮ್ಮೆ, ಹಲಗೆಯನ್ನು ಓರೆಯಾಗಿಟ್ಟು ಚೆಂಡು ಬಿಟ್ಟಾಗ ಒಮ್ಮೆ, ಮಲಗುವ ಮುನ್ನ "ಇವತ್ತು ಇಳಿಜಾರಲ್ಲಿ ಏನು ಉರುಳಿತು?" ಎಂದು ಒಮ್ಮೆ. ಅರ್ಥ ಹೇಳಬೇಕಾದರೆ ನಿಘಂಟಿನ ಅರ್ಥ ಬೇಡ. "ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ನಡುವೆ ಜಾರೋ ಹಾಗಿರತ್ತೆ" ಸಾಕು. ದಿನಕ್ಕೊಂದು ಪದ ಎಂದು ಗುರಿ ಹಾಕಿಕೊಳ್ಳಬೇಡಿ, ವಾರಕ್ಕೆ ಎರಡು ಮೂರು ಬಂದರೆ ಚೆನ್ನ.

ಮಗು ತಾನೇ ಕಟ್ಟಿದ ರೂಪಗಳಿಗೂ ಒಂದೊಂದು ಪುಟ ಕೊಡಿ. ಮಾಡು-ಮಾಡಿದ, ಹಾಡು-ಹಾಡಿದ ಎಂದು ಕೇಳಿಕೊಂಡ ಮಗು ಕೊಡು ಎಂಬುದಕ್ಕೆ "ಕೊಡಿದ" ಎನ್ನಬಹುದು. ಯಾರೂ ಅದಕ್ಕೆ ಆ ಪದ ಹೇಳಿಕೊಟ್ಟಿರುವುದಿಲ್ಲ. ನಿಯಮವನ್ನು ತಾನೇ ಕಂಡುಹಿಡಿದು ಹೊಸ ಕಡೆ ಹಚ್ಚಿದೆ. ಮಕ್ಕಳು ಕೇಳಿಯೇ ಇರದ ಪದಕ್ಕೂ ಹೀಗೆ ವ್ಯಾಕರಣದ ನಿಯಮ ಹಚ್ಚುತ್ತಾರೆಂದು 1958ರಲ್ಲಿ ಮಕ್ಕಳ ಭಾಷೆಯ ಸಂಶೋಧಕಿ ಜೀನ್ ಬರ್ಕೋ ಅವರು ಸುಳ್ಳು ಪದಗಳನ್ನು ಕಟ್ಟಿ ತೋರಿಸಿದರು. ತಿದ್ದುವುದಾದರೆ "ಹೌದಾ, ಅಣ್ಣ ಕೊಟ್ಟನಾ?" ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನೊಳಗೆ ಇಟ್ಟು ಕೊಡಿ. "ಕೊಡಿದ ಅಲ್ಲ, ಕೊಟ್ಟ ಅನ್ನು" ಎಂದು ಮೂರು ಸಲ ಹೇಳಿಸಿದರೆ ಮಾತೇ ನಿಂತುಹೋಗುತ್ತದೆ.

ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡಕ್ಕೂ ಒಂದೇ ಪುಸ್ತಕ, ಎರಡು ಬಣ್ಣದ ಪೆನ್ನು. ಪದ ಎಣಿಸುವಾಗ ಎರಡೂ ಭಾಷೆಯದನ್ನು ಕೂಡಿಸಿ ಎಣಿಸಿ, ಒಂದನ್ನೇ ಎಣಿಸಿ ಮಗು ಹಿಂದಿದೆ ಎಂದು ಕೊರಗಬೇಡಿ. ಆದರೆ ಎರಡು ವರ್ಷ ತುಂಬಿದರೂ ಎರಡೂ ಭಾಷೆ ಸೇರಿ 50 ಪದ ಆಗದಿದ್ದರೆ, ಎರಡು ಪದ ಜೋಡಿಸದಿದ್ದರೆ, ಬೆರಳು ತೋರಿಸುವುದೂ ಇಲ್ಲದಿದ್ದರೆ, ಇದ್ದ ಪದ ಬಿಟ್ಟುಹೋಗುತ್ತಿದ್ದರೆ ಇನ್ನೊಂದು ಡಬ್ಬಿ ಕೊಳ್ಳಬೇಡಿ. ಮೊದಲು ಕಿವಿಯ ಪರೀಕ್ಷೆ, ಆಮೇಲೆ ವಾಕ್-ಶ್ರವಣ ತಜ್ಞರು. ಕಿವಿಯೊಳಗೆ ನೀರು ನಿಂತು ಕೇಳಿಸುವುದು ಮಂಕಾದ ಮಗು ಕರೆದರೆ ತಿರುಗುತ್ತದೆ, ಮಾತಿನ ನಯ ಮಾತ್ರ ಅದಕ್ಕೆ ಕೇಳಿಸಿರುವುದಿಲ್ಲ.

ಏನೇ ಕೊಂಡರೂ ಎರಡು ವಾರ ಬಳಸಿ ನೋಡಿ, ಸಾಧ್ಯವಾದರೆ ಮೊದಲು ಗ್ರಂಥಾಲಯದಿಂದ ಎರವಲು ತಂದು. ಅಳೆಯುವ ಬಗೆ ಇದು: ಪುಟದಲ್ಲಿ ಕಲಿತ ಪದವೊಂದನ್ನು ಮಗು ಪುಸ್ತಕ ಮುಚ್ಚಿರುವಾಗ, ಯಾರೂ ಕೇಳದೆ, ಬೇರೆ ಕಡೆ ಆಡಿತೇ? ಸ್ನಾನ ಮುಗಿಸಿ ತಲೆ ಅಲ್ಲಾಡಿಸುತ್ತ "ನಾನೂ ಕೊಡವ್ತೀನಿ" ಎಂದರೆ ಆ ಪುಸ್ತಕವನ್ನು ಇಟ್ಟುಕೊಳ್ಳಿ.